ಬಳಕೆಯಲ್ಲಿರುವ ಸೇತುವೆ

ಸೆಪ್ಟೆಂಬರ್ ೪

ಪ್ರೀತಿಯ ತಮ್ಮ,

ಮೊದಲು ಇದನ್ನು ಓದಿ ಉಸಿರು ಬಿಡು: ನಾನು, ನಿನ್ನ ಭಾವ ಇಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ. ಪತ್ರಿಕೆಯಲ್ಲಿ ನಮ್ಮ ಹೊಳೆಯ ಚಿತ್ರ ನೋಡಿ ನೀನು ಹೌಹಾರಿರುತ್ತೀಯ. ಪತ್ರಿಕೆಯವರಿಗೇನು, ನೀರು ಮೊಣಕಾಲಿಗೆ ಬಂದರೆ ಕುತ್ತಿಗೆಗೆ ಬಂತು ಎಂದು ಬರೆಯುತ್ತಾರೆ. ನೀರು ಬಂತು, ಇತ್ತು, ಹೋಯಿತು. ಹೋಗುವಾಗ ಸ್ವಲ್ಪ ಕೆಸರು ಬಿಟ್ಟು ಹೋಯಿತು, ಅಷ್ಟೇ. ಆರೋಗ್ಯ ಕೇಂದ್ರದಲ್ಲಿ ನಾನೂ ಆಯಾನೂ ಸೇರಿ ಔಷಧಿಯನ್ನೆಲ್ಲ ಅಟ್ಟಕ್ಕೆ ಏರಿಸಿದ್ದೆವು. ಒಂದು ಬಾಟಲಿಯೂ ಒಡೆಯಲಿಲ್ಲ. ಫೋನು ಮಾತ್ರ ಸತ್ತಿದೆ. ಅದು ಬದುಕಿದ್ದಾಗಲೂ ನಾವಿಬ್ಬರೂ ಕಾಗದದವರೇ ತಾನೆ.

ಸೇತುವೆ ಇದೆ. ಕೆಲವು ಹಲಗೆ ಹೊಳೆಯ ಪಾಲಾದವು, ನಿನ್ನ ಭಾವನ ಉಳಿ ಸುತ್ತಿಗೆಗೆ ಕೆಲಸ ಸಿಕ್ಕಿತು. ಊರಿಗೇ ಇರುವುದೊಬ್ಬ ಬಡಗಿ, ಕೇಳಬೇಕೇ ಜಂಬ! ಆಚೆಕೇರಿಯವರು ಅದರ ಮೇಲೇ ಓಡಾಡುತ್ತಿದ್ದಾರೆ. ಅವರಿಗೆ ಶಾಲೆ, ಅಂಗಡಿ, ನನ್ನ ಆರೋಗ್ಯ ಕೇಂದ್ರ ಎಲ್ಲ ಈಚೆ ದಡದಲ್ಲೇ ಅಲ್ಲವೇ. ಹಾಲಜ್ಜಿ ಎಂದಿನಂತೆ ಬೆಳಿಗ್ಗೆ ಕ್ಯಾನು ಹಿಡಿದು ಬರುತ್ತಾಳೆ, ಮನೆಮನೆಗೆ ಹಾಲು ಹಾಕಿ, ನನ್ನ ಹತ್ತಿರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, "ನಿನ್ನ ಕೈ ಬಲೇ ಒರಟು ಕಣೇ" ಎಂದು ಬೈದು ಹೋಗುತ್ತಾಳೆ. ಸಕ್ಕರೆ ಕಾಯಿಲೆಯ ಹುಣ್ಣು. ದಿನಾ ತೊಳೆದು ಕಟ್ಟಿದರೆ ಸುಮ್ಮನಿರುತ್ತದೆ.

ನಿನ್ನನ್ನು ಹೊಸ ವಿಭಾಗಕ್ಕೆ ಹಾಕುತ್ತಾರೆ ಎಂದಿದ್ದೆ. ಹಾಕಿದರೇ? ಕುರ್ಚಿಗೆ ಕೈ ಇದೆಯೇ?

ನಿನ್ನ ಅಕ್ಕ


ಸೆಪ್ಟೆಂಬರ್ ೧೯

ಅಕ್ಕನಿಗೆ ನಮಸ್ಕಾರ.

ಕುರ್ಚಿಗೆ ಕೈ ಇದೆ, ಒಂದೇ ಒಂದು. ಇನ್ನೊಂದು ಹಿಂದಿದ್ದವರ ಕಾಲದಲ್ಲೇ ಮುರಿಯಿತಂತೆ.

ನನ್ನನ್ನು ವಿಪತ್ತು ಪುನರ್ನಿರ್ಮಾಣ ನಿಧಿಯ ವಿಭಾಗಕ್ಕೆ ಹಾಕಿದ್ದಾರೆ. ನೆರೆಗೆ ಸಿಕ್ಕ ಊರುಗಳ ರಸ್ತೆ, ಸೇತುವೆ, ನೀರಿನ ಟ್ಯಾಂಕು, ಶಾಲೆ ಮತ್ತೆ ಕಟ್ಟಲು ಸರ್ಕಾರ ತೆಗೆದಿಟ್ಟ ಹಣ ಇದು. ಊರುಗಳು ನೂರಾರು, ಚೀಲ ಒಂದೇ. ಅದಕ್ಕೆ ಎರಡು ಪಟ್ಟಿ ಮಾಡುತ್ತೇವೆ. ಬಳಸಲಾಗದಷ್ಟು ಕೆಟ್ಟಿರುವುದು ಮೊದಲ ಪಟ್ಟಿಗೆ; ಅದಕ್ಕೆ ಮುಂದಿನ ಮಳೆಗಾಲದೊಳಗೆ ಹಣ. ಇನ್ನೂ ಬಳಕೆಯಲ್ಲಿರುವುದು ಎರಡನೆಯದಕ್ಕೆ. ಚೀಲದಲ್ಲಿ ಏನಾದರೂ ಉಳಿದರೆ ಹಣ. ಪಟ್ಟಿಯ ಕರಡು ಮಾಡುವುದು ನನ್ನ ಕೆಲಸ. ನಿಮ್ಮಲ್ಲಿಗೂ ತನಿಖೆಗೆ ಒಬ್ಬ ಎಂಜಿನಿಯರ್ ಬರುತ್ತಾರೆ. ಅದು ನನ್ನ ಊರು ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ, ಸರ್ಕಾರದ ದುಡ್ಡಲ್ಲಿ ಮನೆ ಮುಂದಿನ ಚರಂಡಿ ಕಟ್ಟಿಸಿಕೊಂಡ ಎನ್ನುತ್ತಾರೆ.

ನಿಜ ಹೇಳು, ಸೇತುವೆ ಹೇಗಿದೆ? ಅಪ್ಪನ ನಿಯಮ ನಮ್ಮಿಬ್ಬರಿಗೂ ಗೊತ್ತು. ಜೀವನವಿಡೀ ಅಂಚೆ ಹಂಚಿದ ಮನುಷ್ಯ. ಕಾಗದ ಒಡೆದು ಹೊಸ್ತಿಲಲ್ಲೇ ಕುಸಿದವರನ್ನು ಕಂಡು ಕಂಡು, "ಕೆಟ್ಟ ಸುದ್ದಿನ ಕಾಗದದಲ್ಲಿ ಬರೀಬಾರ್ದು, ಎದುರಿಗೆ ಹೋಗಿ ಕೂತು ಹೇಳ್ಬೇಕು" ಎನ್ನುತ್ತಿದ್ದರು. ಅಮ್ಮ ಹೋದಾಗಲೂ ನನಗೆ ಕಾಗದ ಬರಲಿಲ್ಲ, ನೀನೇ ಬಸ್ಸು ಹತ್ತಿ ಬಂದೆ. ಈ ಒಂದು ಸಲ ಆ ನಿಯಮ ಮುರಿದರೂ ಅಪ್ಪ ಬೈಯುವುದಿಲ್ಲ.

ನಿನ್ನ ತಮ್ಮ


ಅಕ್ಟೋಬರ್ ೮

ಪ್ರೀತಿಯ ತಮ್ಮ,

ಸೇತುವೆ ಹೇಗಿದೆ ಎಂದು ಕೇಳಿದೆಯಲ್ಲ, ಈಗ ಬಂದು ನೋಡು! ಹಸಿರು! ನಮ್ಮ ಬಾಗಿಲಿಗೆ ಬಳಿದು ಮಿಕ್ಕಿದ್ದ ಬಣ್ಣ ಸಾಲದೆ, ಪಂಚಾಯಿತಿ ಅಧ್ಯಕ್ಷರು ಶಾಲೆಗೆಂದು ತಂದಿಟ್ಟಿದ್ದ ಡಬ್ಬಿಯನ್ನೂ ಕೊಟ್ಟರು.

ಎಂಜಿನಿಯರ್ ಬರುತ್ತಾರೆ ಎಂದು ತಿಳಿದದ್ದೇ ತಡ, ಊರಿಗೆ ಊರೇ ಟೊಂಕ ಕಟ್ಟಿತು. "ಬರೋರ ಮುಂದೆ ಕಸ ಹರಡ್ಕೊಂಡು ಕೂರೋಕಾಗತ್ತಾ? ನಮ್ಮ ಊರಿನ ಮರ್ಯಾದೆ ಏನಾಗ್ಬೇಕು?" ಎಂದು ಅಧ್ಯಕ್ಷರು ತಾವೇ ಪೊರಕೆ ಹಿಡಿದರು. ದಡ ಕೊಚ್ಚಿಹೋದ ಕಡೆ ಮರಳು ತುಂಬಿ, ಮೇಲೆ ಹೂಕುಂಡ ಇಟ್ಟೆವು. ನಿನ್ನ ಭಾವ ಊಟ ನಿದ್ದೆ ಬಿಟ್ಟು ಹಲಗೆ ಜೋಡಿಸಿದರು, ಬಾಗಿದ ಕಂಬಿಗಳನ್ನು ಬಡಿದು ನೆಟ್ಟಗೆ ಮಾಡಿದರು. ಹೋದವರು ಬಂದವರೆಲ್ಲ ಹೊಗಳಿ ಹೊಗಳಿ, ಮನುಷ್ಯ ನೆಲದ ಮೇಲಿರಲಿಲ್ಲ.

ಬಂದವರು ತೆಳ್ಳಗಿನ ಮನುಷ್ಯ. ಬಿಸಿಲಿಗೂ ಛತ್ರಿ, ನೆರಳಿಗೂ ಛತ್ರಿ. ಮಧ್ಯಾಹ್ನದೊಳಗೆ ಛತ್ರಿ ಸಾಹೇಬರು ಎಂದು ನಾಮಕರಣವಾಯಿತು. ಪಾಪ, ಒಳ್ಳೆಯವರು. ಕೆಳಗಿಳಿದು ಕಂಬ ನೋಡುತ್ತೇನೆ ಎಂದರು. ನಿನ್ನ ಭಾವ ಬಿಟ್ಟರೆ ತಾನೆ! "ಅಯ್ಯೋ ಸಾರ್, ಹೊಸಾ ಬೂಟು, ಕೆಸರಾಗೋಗತ್ತೆ. ಬನ್ನಿ ಬನ್ನಿ, ಟೀ ಆರೋಗ್ತಿದೆ" ಎಂದು ತೋಳು ಹಿಡಿದು ಕರೆದುಕೊಂಡು ಹೋದರು. ಸಾಹೇಬರು ಮೇಲಿನಿಂದಲೇ ಫೋಟೋ ತೆಗೆದುಕೊಂಡರು. ಹೋಗುವಾಗ, "ಇಷ್ಟು ಅಚ್ಚುಕಟ್ಟಾದ ಊರು ನಾನು ನೋಡೇ ಇಲ್ಲ" ಎಂದರು. ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು.

ನಡುಕಂಬದ ಬುಡದಲ್ಲಿ ಏನೋ ಸ್ವಲ್ಪ ಮಣ್ಣು ಹೋಗಿದೆ ಎಂದು ನಿನ್ನ ಭಾವ ಹೇಳುತ್ತಾರೆ. ನಿಧಾನವಾಗಿ ನೋಡಿದರಾಯಿತು. ನೀನು ತಲೆಗೆ ಹಚ್ಚಿಕೊಳ್ಳಬೇಡ.

ನಿನ್ನ ಅಕ್ಕ


ನವೆಂಬರ್ ೨

ಅಕ್ಕನಿಗೆ ನಮಸ್ಕಾರ.

ನಿಮ್ಮ ಛತ್ರಿ ಸಾಹೇಬರ ವರದಿ ನನ್ನ ಮೇಜಿಗೆ ಬಂತು. ಭಾವನ ಕೈಗೆ ಬಂಗಾರದ ಕಡಗ ತೊಡಿಸಬೇಕು ಮಾರಾಯ್ತಿ! ಪಕ್ಕದ ಮೇಜಿನವರು ಫೋಟೋ ನೋಡಿ, "ಇದೇನು, ನೆರೆ ಬಂದ ಊರಾ, ಹೆಣ್ಣು ನೋಡೋಕೆ ಬಂದ ಊರಾ?" ಎಂದರು. ವರದಿಯ ಕೊನೆಗೆ ‘ಸಣ್ಣಪುಟ್ಟ ಹಾನಿ, ಬಳಕೆಯಲ್ಲಿದೆ’ ಎಂದಿದೆ.

ಪಟ್ಟಿಗೆ ಸೇರಿಸುವಾಗ ಒಂದು ಕ್ಷಣ ಕೈ ತಡೆಯಿತು. ನಿನ್ನ ಕಾಗದಗಳನ್ನು ತೆಗೆದು ಇನ್ನೊಂದು ಸಲ ಓದಿದೆ. ಓದಿದ ಮೇಲೆ ಮನಸ್ಸು ನಿರಾಳವಾಯಿತು. ನಿಮ್ಮೂರನ್ನು ಎರಡನೇ ಪಟ್ಟಿಗೆ ನಾನೇ ಬರೆದೆ. ಗುಡ್ಡದ ಕೆಳಗಿನ ಒಂದು ಊರಿನಲ್ಲಿ ಕುಡಿಯುವ ನೀರಿನ ಕೊಳವೆಯೇ ಇಲ್ಲವಾಗಿದೆ, ಜನ ಹೊಲದ ಗುಂಡಿಯಿಂದ ನೀರು ತರುತ್ತಿದ್ದಾರೆ. ಅವರದು ಮೊದಲಾಗಲಿ. ಸ್ವಂತ ಊರಿನ ಕಡೆ ಒಂದು ಕಾಸೂ ಎಳೆದುಕೊಳ್ಳಲಿಲ್ಲ ಎಂಬ ಸಮಾಧಾನ ನನಗೆ. ನೀನೂ ಖುಷಿ ಪಡುತ್ತೀಯ ಎಂದು ಗೊತ್ತು.

ನಿನ್ನ ತಮ್ಮ


ಡಿಸೆಂಬರ್ ೧೦

ಅಕ್ಕ,

ನವೆಂಬರಿನಲ್ಲಿ ಬರೆದದ್ದಕ್ಕೆ ಉತ್ತರವಿಲ್ಲ. ಆಮೇಲೆ ಒಂದು ಕಾರ್ಡು ಹಾಕಿದೆ, ಅದಕ್ಕೂ ಇಲ್ಲ. ಕೋಪವೇ? ಹುಷಾರಿಲ್ಲವೇ? ನೀನು ಇಷ್ಟು ದಿನ ಬರೆಯದೆ ಇದ್ದವಳಲ್ಲ. ಇಲ್ಲಿ ಪಟ್ಟಿಗಳಿಗೆ ಮೇಲಿನವರ ಸಹಿಯಾಯಿತು. ಒಂದು ಸಾಲು ಬರಿ, ಸಾಕು.

ನಿನ್ನ ತಮ್ಮ


ಡಿಸೆಂಬರ್ ೨೧

ಪ್ರೀತಿಯ ತಮ್ಮ,

ನಾವೆಲ್ಲ ಆರಾಮ. ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಹಿತ್ತಿಲಲ್ಲಿ ಜಾರಿ ಬಲಗೈ ಕೊಂಚ ಉಳುಕಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಎರಡನೇ ಪಟ್ಟಿಯ ವಿಷಯ ಅಧ್ಯಕ್ಷರಿಗೆ ಸರ್ಕಾರಿ ಪತ್ರ ಬಂದು ಊರಿಗೆಲ್ಲ ತಿಳಿಯಿತು. ನನಗೆ ಮೊದಲೇ ಗೊತ್ತಿತ್ತು ಎಂದು ನಾನು ಹೇಳಲಿಲ್ಲ. ಯಾರು ಬರೆದರು ಎಂದೂ ಹೇಳಲಿಲ್ಲ. ಗುಡ್ಡದ ಕೆಳಗಿನವರಿಗೆ ನೀರು ಬಂದರೆ ಒಳ್ಳೆಯದೇ, ನೀರಿಲ್ಲದೆ ಹೇಗೆ ಇರುತ್ತಾರೆ. ಬರೆಯಲು ಬೇರೇನೂ ಇಲ್ಲ.

ಅಕ್ಕ

(ಕಾಗದದ ಹಿಂಬದಿ, ಪೆನ್ಸಿಲಿನಲ್ಲಿ)

ಏನಯ್ಯಾ ಭಾವಮೈದ, ನಿನ್ನಕ್ಕ ಅಂಟು ಹುಡುಕೋಕೆ ಒಳಗೆ ಹೋಗಿದಾಳೆ, ಅಷ್ಟರಲ್ಲಿ ಗೀಚ್ತಿದೀನಿ. ಹಿತ್ತಿಲೂ ಇಲ್ಲ, ಗಿತ್ತಿಲೂ ಇಲ್ಲ. ಬಿದ್ದಿದ್ದು ಸೇತುವೆ ಮೇಲೆ. ಆಚೆಕೇರೀಲಿ ಹೆರಿಗೆ ಅಂತ ಪೆಟ್ಟಿಗೆ ಹಿಡ್ಕೊಂಡು ಹೊರಟಿದ್ಲು. ನಡುಕಂಬದ ಹತ್ರ ಸೇತುವೆ ವಾಲ್ತು, ನಾನು ಹೊಡೆದ ಹಲಗೆ ಕಿತ್ಕೊಂಡು ಹೋಯ್ತು. ಕಂಬಿ ಹಿಡ್ಕೊಂಡು ನೇತಾಡಿದಾಳೆ ಕಣಯ್ಯಾ. ಉಳುಕಲ್ಲ ಅದು, ಮೂಳೆ ಮುರಿದಿದೆ. ಮುಳುಗಿ ನೋಡಿದೀನಿ, ಕಂಬದ ಬುಡದಲ್ಲಿ ಮಣ್ಣೇ ಇಲ್ಲ, ನನ್ನ ತೋಳು ಪೂರ್ತಿ ಒಳಗೆ ಹೋಗತ್ತೆ. ಸಾಹೇಬ್ರು ಬರೋಕೆ ಮುಂಚೆನೇ ನಂಗೆ ಗೊತ್ತಿತ್ತು. ಎಲ್ರೂ ಹೊಗಳ್ತಿದ್ರು, ಬಾಯಿ ಬರ್ಲಿಲ್ಲ. ಮುಂದಿನ ನೀರಿಗೆ ಇದು ನಿಲ್ಲಲ್ಲ. ಜನ ಮಾತ್ರ ದಿನಾ ಓಡಾಡ್ತಿದಾರೆ. ಬಂದ್ಲು, ನಿಲ್ಲಿಸ್ತೀನಿ.


ಜನವರಿ ೩

ಅಕ್ಕ,

ಭಾವ ಬರೆದದ್ದನ್ನು ಓದಿದೆ. ಅವರ ಮೇಲೆ ರೇಗಬೇಡ. ರೇಗುವ ಸರದಿ ಮೊದಲು ನನ್ನದು.

ಮುರಿದ ಕೈಯನ್ನು ಉಳುಕು ಎಂದು ಬರೆಯುತ್ತೀಯಾ? ನರ್ಸ್ ಆಗಿ ಹಾಗೆ ಬರೆಯಲು ನಾಚಿಕೆಯಾಗಲಿಲ್ಲವೇ? ನಿನ್ನ ಹತ್ತಿರ ಬರುವವರು ಯಾರಾದರೂ ಹೀಗೆ ಮುಚ್ಚಿಟ್ಟಿದ್ದರೆ ಊರಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದೆ. ನಿನ್ನ ಕಾಗದ ನಂಬಿ ನಾನು ಒಂದು ಊರಿನ ಸೇತುವೆಯನ್ನು ಹಿಂದಕ್ಕೆ ತಳ್ಳಿದೆ. ಇಲ್ಲ, ಇದು ಸರಿಯಲ್ಲ, ಆದರೂ ಹೊಡೆದುಹಾಕುವುದಿಲ್ಲ, ಇರಲಿ. ತಪ್ಪು ನನ್ನದು. ಅಕ್ಕನ ಕುಶಲದ ಕಾಗದ ನೋಡಿ ಸರ್ಕಾರಿ ಪಟ್ಟಿ ಮಾಡಿದ ಮಹಾನುಭಾವ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ನೀನು ಆ ಕಂಬಿಗೆ ನೇತಾಡಿದ್ದನ್ನು ನೆನೆದು ರಾತ್ರಿ ಎರಡು ಸಲ ಎದ್ದು ಭಾವ ಬರೆದದ್ದನ್ನು ಓದಿದೆ.

ಈಗ ಕೇಳು. ಫೆಬ್ರವರಿಯೊಳಗೆ ಮರುತನಿಖೆ ಕೇಳಬಹುದು. ಅದಕ್ಕೆ ಆರೋಗ್ಯ ಕೇಂದ್ರದಿಂದ ಒಂದು ಪತ್ರ ಬೇಕು: ಸೇತುವೆಯಲ್ಲಿ ಏನು ಕೆಟ್ಟಿದೆ, ಯಾರಿಗೆ ಪೆಟ್ಟಾಯಿತು, ಅದು ಹೋದರೆ ಯಾರಿಗೆ ಚಿಕಿತ್ಸೆ ತಪ್ಪುತ್ತದೆ. ನೀನೇ ಬರೆಯಬೇಕು, ಸಹಿ ನಿನ್ನದೇ. ಇನ್ನೊಂದು, ಭಾವ ಹಾಕಿದ ಹಲಗೆಗಳನ್ನು ತೆಗೆಯಬೇಕು. ಅವು ಇದ್ದಷ್ಟು ದಿನ ಯಾರೇ ಬಂದರೂ ಸೇತುವೆ ‘ಬಳಕೆಯಲ್ಲಿದೆ’ ಎಂದೇ ಬರೆಯುತ್ತಾರೆ. ಮರಳು, ಹೂಕುಂಡ, ಎಲ್ಲ ತೆಗೆಯಿರಿ. ಇದ್ದದ್ದು ಇದ್ದ ಹಾಗೆ ಕಾಣಲಿ.

ಇಲ್ಲಿ ಮಾಡಬೇಕಾದದ್ದನ್ನು ನಾನು ಮಾಡುತ್ತೇನೆ.

ನಿನ್ನ ತಮ್ಮ


ಜನವರಿ ೨೫

ತಮ್ಮಾ,

ನಾಚಿಕೆಯಾಗಲಿಲ್ಲವೇ ಎಂದು ಕೇಳಿದೆ. ಆಗಲಿ, ಈಗ ನಾನೂ ಒಂದು ಕೇಳುತ್ತೇನೆ. ನೆರೆ ಬಂದು ಇಷ್ಟು ದಿನವಾಯಿತು, ಒಂದು ಬಸ್ಸು ಹತ್ತಲು ನಿನಗೇನು ಧಾಡಿ? ನೂರು ಊರಿನ ಸೇತುವೆಯನ್ನು ಫೋಟೋದಲ್ಲಿ ನೋಡುವವನು ನಿನ್ನದನ್ನು ಕಣ್ಣಾರೆ ನೋಡಬಾರದಾಗಿತ್ತೇ? ಜನ ಏನಾದರೂ ಅಂದಾರು ಎಂದು ನೀನು ಹೆದರಿದೆ. ನೀನು ಹೆದರೀಯ ಎಂದು ನಾನು ಹೆದರಿದೆ. ಇಬ್ಬರೂ ಒಳ್ಳೆಯವರಾಗಿಯೇ ಇದ್ದೆವು, ಹಾಲಜ್ಜಿಯನ್ನು ಮಾತ್ರ ಆ ಹಲಗೆಯ ಮೇಲೆ ನಡೆಸಿದೆವು. ಬರೆದಾಯಿತು. ಈಗ ಮನಸ್ಸು ಹಗುರ.

ಪತ್ರ ಬರೆಯಲು ಕೂತರೆ ಕೈಯೇ ಬರುವುದಿಲ್ಲ. ಮೊದಲ ಸಲ, ‘ಸೇತುವೆಗೆ ಅಲ್ಪಸ್ವಲ್ಪ ಹಾನಿಯಾಗಿದ್ದರೂ ಜನರು ಧೈರ್ಯದಿಂದಿದ್ದಾರೆ’ ಎಂದು ಬಂತು. ನಿನ್ನ ಭಾವ ಓದಿ, "ಇದೇನು ಗಂಡು ನೋಡಿದ್ದಾ? ಹುಡುಗನಿಗೆ ಕೆಲಸ ಇಲ್ಲ, ಆದ್ರೆ ಗುಣವಂತ ಅನ್ನೋ ಹಾಗಿದೆ" ಎಂದರು. ಹರಿದೆ. ಇನ್ನೊಂದು ಬರೆದೆ, ಅದನ್ನೂ ಹರಿದೆ. ಕೊನೆಗೆ ರೋಗಿಯ ಚೀಟಿ ಬರೆಯುವ ಹಾಗೆ ಬರೆದೆ: ಎಲ್ಲಿ ನೋವು, ಎಂದಿನಿಂದ, ಎಷ್ಟು, ಹೀಗೇ ಬಿಟ್ಟರೆ ಏನಾಗುತ್ತದೆ. ಹಾಗೆ ಬರೆದಾಗ ಸರಾಗವಾಗಿ ಬಂತು. ಬರೆದು ಮುಗಿಸಿ ಸಹಿ ಹಾಕಿದೆ.

ಹಲಗೆ ತೆಗೆಯುವ ಮಾತಿಗೆ ಪಂಚಾಯಿತಿಯಲ್ಲಿ ರಣರಂಗ. "ಗಾಯ ತೋರಿಸಿ ಕೈ ಚಾಚೋಕೆ ನಾವೇನು ಭಿಕ್ಷುಕರಾ?" ಎಂದರು ಅಧ್ಯಕ್ಷರು. "ಗಾಯ ತೋರಿಸ್ದೇನೇ ಔಷಧಿ ಕೊಡೋ ಡಾಕ್ಟ್ರು ಎಲ್ಲಿದಾರೆ ಹೇಳಿ, ನಾನೂ ಅಲ್ಲಿಗೇ ಹೋಗ್ತೀನಿ" ಎಂದೆ. ಕೆಲವರು ನಕ್ಕರು, ಅಧ್ಯಕ್ಷರು ನಗಲಿಲ್ಲ. ನಿನ್ನ ಭಾವ ಎದ್ದು ನಿಂತು, "ಹಾಕಿದ್ದು ನಾನು, ತೆಗೆಯೋನೂ ನಾನೇ" ಎಂದು ಹೊರಟರು.

ಯಾರನ್ನೂ ಜೊತೆಗೆ ಕರೆಯಲಿಲ್ಲ. ಒಂದೊಂದೇ ಹಲಗೆ ಎಬ್ಬಿಸಿ, ಮೊಳೆಗಳನ್ನು ನೆಟ್ಟಗೆ ಮಾಡಿ ಡಬ್ಬಿಗೆ ಹಾಕಿಕೊಂಡರು. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅಳುತ್ತಿದ್ದಾರೆ ಎಂದು ಗೊತ್ತಾಯಿತು. ಗೊತ್ತಾಗದವಳ ಹಾಗೆ ಒಲೆಯ ಮೇಲೆ ಟೀಗೆ ಇಟ್ಟೆ.

ಅಕ್ಕ


ಮಾರ್ಚ್ ೬

ಅಕ್ಕನಿಗೆ ನಮಸ್ಕಾರ.

ಮರುತನಿಖೆಯ ವರದಿ ಚೆನ್ನಾಗಿ ಬಂದಿದೆ. ಚೆನ್ನಾಗಿ ಎಂದರೆ, ಕೆಟ್ಟದಾಗಿ. ಛತ್ರಿ ಸಾಹೇಬರು ತಾವೇ ಕೇಳಿಕೊಂಡು ಎರಡನೇ ಸಲ ಬಂದರಂತೆ. ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಸೊಂಟದವರೆಗೆ ನೀರಿಗಿಳಿದರಂತೆ. ‘ಬಳಕೆಗೆ ಅಯೋಗ್ಯ’ ಎಂದು ಬರೆದಿದ್ದಾರೆ. ನಿನ್ನ ಪತ್ರವನ್ನು ನಮ್ಮ ಮುಖ್ಯಸ್ಥರು ಸಭೆಯಲ್ಲಿ ಗಟ್ಟಿಯಾಗಿ ಓದಿಸಿದರು. ಈಗ ಕಡತ ಹಣಕಾಸಿನವರ ಹತ್ತಿರ ಹೋಗಿದೆ.

ಒಂದು ಮಾತು ಮಾತ್ರ ಮರೆಯಬೇಡಿ. ಮಂಜೂರಾಗುವವರೆಗೆ ಹಲಗೆ ಮತ್ತೆ ಹಾಕಬಾರದು. ಸೇತುವೆಯ ಮೇಲೆ ಒಬ್ಬರು ದಾಟಿದರೂ ಅದು ಮತ್ತೆ ‘ಬಳಕೆಯಲ್ಲಿದೆ’, ಕಡತ ಮತ್ತೆ ಮೊದಲಿನ ಕಡೆಗೆ.

ಇನ್ನು ಮುಂದೆ ಕಾಗದವನ್ನು ಹಳೆ ದಾಖಲೆಗಳ ವಿಭಾಗಕ್ಕೆ ಬರಿ. ಅದು ನೆಲಮಾಳಿಗೆಯಲ್ಲಿದೆ, ತಣ್ಣಗಿದೆ, ಕುರ್ಚಿಗೆ ಎರಡೂ ಕೈ ಇವೆ. ಇಷ್ಟೇ ಬರೆದು ಬಿಡೋಣ ಎಂದುಕೊಂಡಿದ್ದೆ. ಆದರೆ ನಿನಗೆ ಅಷ್ಟೆಲ್ಲ ಬೈದು ಈಗ ನಾನೇ ಮುಚ್ಚಿಟ್ಟರೆ ಹೇಗೆ? ಜನವರಿಯಲ್ಲೇ ಮುಖ್ಯಸ್ಥರ ಬಳಿ ಹೋಗಿ, ಅದು ನನ್ನ ಊರು, ಮನೆಯ ಕಾಗದ ನೋಡಿ ಪಟ್ಟಿ ಮಾಡಿದೆ ಎಂದು ಹೇಳಿದೆ. ಅವರು ಕೂಗಾಡಲಿಲ್ಲ, ಅದೇ ಹೆಚ್ಚು ನೋವಾಯಿತು. ಬಡ್ತಿ ನಿಂತಿದೆ. ಮನೆಯಲ್ಲಿ ಹೆಂಡತಿ ಒಂದು ವಾರ ಮಾತು ಬಿಟ್ಟಿದ್ದಳು. ಈಗ ಸರಿಹೋಗಿದೆ. ಪೂರ್ತಿ ಅಲ್ಲ, ಸ್ವಲ್ಪ.

ನಿನ್ನ ತಮ್ಮ


ಏಪ್ರಿಲ್ ೨೮

ತಮ್ಮಾ,

ನಿನ್ನ ಕಾಗದ ಓದಿ ಸಂಕಟವಾಯಿತು, ಹೆಮ್ಮೆಯೂ ಆಯಿತು. ನಿನ್ನ ಹೆಂಡತಿಗೆ ನಾನು ಬೇರೆ ಬರೆಯುತ್ತೇನೆ.

ಇಲ್ಲಿ ನಮ್ಮ ಪಾಡು ಅತ್ತ ದರಿ, ಇತ್ತ ಪುಲಿ. ಈ ಜಾಗದಲ್ಲಿ ಹೊಳೆ ಬೇಸಿಗೆಯಲ್ಲೂ ಬತ್ತುವುದಿಲ್ಲವಲ್ಲ, ಆಚೆಕೇರಿಯವರಿಗೆ ಈಗ ದೋಣಿಯೇ ಗತಿ. ದೋಣಿ ಒಂದೇ, ದೋಣಿಯವನಿಗೂ ಮೂಗಿನ ಮೇಲೇ ಸಿಟ್ಟು. ಸುತ್ತು ರಸ್ತೆಯಲ್ಲಿ ಬರಲು ಅರ್ಧ ದಿನ. ರಜೆ ಶುರುವಾಗುವವರೆಗೂ ಮಕ್ಕಳು ಶಾಲೆಗೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಆಚೆಕೇರಿಯಲ್ಲಿ ಮನೆ, ಈಚೆ ಅಂಗಡಿ ಇರುವ ಬೇಕರಿಯವನು ಕೂಗಿದ, "ನಿನ್ನ ತಮ್ಮನ ಕಾಗದಕ್ಕೋಸ್ಕರ ನಾವು ಹೊಳೆ ಈಜಬೇಕೇನಮ್ಮ?" ಸಂತೆಯಲ್ಲಿ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಾರೆ. ನನಗೆ ಅಳು ಬರುತ್ತದೆ, ಆಮೇಲೆ ಕೋಪ ಬರುತ್ತದೆ, ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ.

ಹಾಲಜ್ಜಿ ಮೊದಲಿನ ಹಾಗೆ ದಿನಾ ಬರುವುದಿಲ್ಲ. ಕ್ಯಾನು ಹೊತ್ತು ದೋಣಿ ಹತ್ತಲು ಅವಳಿಗಾಗದು. ವಾರಕ್ಕೆ ಎರಡು ಸಲ ನಾನೇ ಹೋಗಿ ಪಟ್ಟಿ ಕಟ್ಟುತ್ತೇನೆ. ಕೇಂದ್ರದಲ್ಲಿ ನಾನೊಬ್ಬಳೇ ನರ್ಸ್, ಅದಕ್ಕಿಂತ ಹೆಚ್ಚು ಹೋಗಲಾಗುತ್ತಿಲ್ಲ. ಹುಣ್ಣು ನೋಡಲು ನನಗೆ ಸರಿ ಕಾಣುತ್ತಿಲ್ಲ. ಈಚೆ ದಡಕ್ಕೆ ಬಂದು ನಮ್ಮಲ್ಲೇ ಇರು ಎಂದರೆ, "ಎಮ್ಮೆನ ನಿನ್ನ ಭಾವ ಕರೀತಾನಾ?" ಎನ್ನುತ್ತಾಳೆ. ಅವಳ ಪ್ರಕಾರ ನಿನ್ನ ಭಾವ ಎಲ್ಲರಿಗೂ ಭಾವ.

ಜನ ನಿನ್ನ ಭಾವನ ಕಾಲಿಗೆ ಬೀಳುತ್ತಿದ್ದಾರೆ. "ನಾಲ್ಕು ಹಲಗೆ ಹಾಕ್ಕೊಡಿ ಸಾಕು, ಸಾಹೇಬ್ರು ಬರೋ ದಿನ ತೆಗೆದ್ರಾಯ್ತು" ಎನ್ನುತ್ತಾರೆ. ಹಾಕಿಸಲೇ? ಸೇತುವೆಯ ಸ್ಥಿತಿ ನನಗೆ ಗೊತ್ತು, ಹಾಲಜ್ಜಿಯ ಕಾಲೂ ಗೊತ್ತು. ನನಗೆ ತೋಚುತ್ತಿಲ್ಲ, ನೀನು ಹೇಳು.

ಅಕ್ಕ


ಮೇ ೯

ಅಕ್ಕ,

ಹಾಕಬೇಡಿ. ಆ ನಡುಕಂಬ ನೆನೆಸಿಕೋ. ಕಡತ ಇನ್ನೊಂದೇ ಮೇಜು ದಾಟಬೇಕು, ಸ್ವಲ್ಪ ದಿನ ತಡೆದುಕೊಳ್ಳಿ. ಹಾಲಜ್ಜಿಗೆ ನೀನಿದ್ದೀಯಲ್ಲ, ಏನೂ ಆಗುವುದಿಲ್ಲ.

ನಿನ್ನ ತಮ್ಮ


ಜೂನ್ ೨

ಅಕ್ಕಾ!

ಮಂಜೂರಾಯಿತು! ಛತ್ರಿ ಸಾಹೇಬರು ನೆಲಮಾಳಿಗೆಯವರೆಗೆ ಇಳಿದು ಬಂದು ನನಗೆ ಹೇಳಿದರು. ನಿಮ್ಮ ಊರು ಮೊದಲ ಪಟ್ಟಿಗೆ ಬಂತು. ನಡುಕಂಬದ ದುರಸ್ತಿ, ಹೊಸ ಹಲಗೆ, ಹೊಸ ಕಂಬಿ, ದಡಕ್ಕೆ ಕಲ್ಲು ಕಟ್ಟಣೆ, ಎಲ್ಲಕ್ಕೂ ಹಣ ಇದೆ. ಗುತ್ತಿಗೆ ಆಗಬೇಕು, ಕೆಲಸ ಶುರುವಾಗುವುದು ಮಳೆ ಕಳೆದ ಮೇಲೆ. ಆದರೂ ಆಯಿತಲ್ಲ! ಬೇಕರಿಯವನಿಗೆ ಈ ಕಾಗದ ತೋರಿಸು. ಭಾವನಿಗೆ ಹೇಳು, ಮೊಳೆ ಡಬ್ಬಿ ಎಸೆಯಬೇಡಿ ಎಂದು. ಈ ಸಲ ಹಣ ಸರ್ಕಾರದ್ದು, ಬಣ್ಣ ಯಾವುದು ಬೇಕೋ ಅವರೇ ಆರಿಸಲಿ.

ಮಳೆ ಜೋರಾಗಿದೆಯೇ? ಹಾಲಜ್ಜಿ ಹೇಗಿದ್ದಾಳೆ?

ನಿನ್ನ ತಮ್ಮ


ಜೂನ್ ೨೬

ತಮ್ಮಾ,

ಸೇತುವೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ.

ಬುಧವಾರ ಬೆಳಿಗ್ಗೆ ಶಾಲೆಯ ಮೊದಲ ಗಂಟೆ ಹೊಡೆಯುತ್ತಿತ್ತು. ನೀರು ಕೆಂಪಗೆ ಏರಿತ್ತು. ನಾನು ದಡದಲ್ಲೇ ನಿಂತಿದ್ದೆ. ನಡುಕಂಬ ಮೊದಲು ಮಂಡಿಯೂರಿದ ಹಾಗೆ ಕೂತಿತು, ಆಮೇಲೆ ಎರಡೂ ಕಡೆಯ ಕಂಬಿಗಳು ಅದರ ಹಿಂದೆಯೇ ಹೋದವು. ಸದ್ದು ಅಷ್ಟೇನಿರಲಿಲ್ಲ. ಹಲಗೆ ಇದ್ದಿದ್ದರೆ ಆ ಹೊತ್ತಿನಲ್ಲಿ ಅದರ ತುಂಬ ಮಕ್ಕಳಿರುತ್ತಿದ್ದರು. ಬೇಕರಿಯವನ ಮಕ್ಕಳಿಬ್ಬರೂ ಆಚೆ ದಡದಲ್ಲಿ ಚೀಲ ಹಿಡಿದು, ದೋಣಿ ಬಿಡುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದರು. ಅವನು ಈಚೆ ದಡದಲ್ಲಿ, ನನ್ನ ಪಕ್ಕದಲ್ಲಿ. ಕೆಸರಿನಲ್ಲೇ ಕೂತುಬಿಟ್ಟ. ನನಗೆ ವಿಪರೀತ ಭಯವಾಯಿತು.

ಇನ್ನೊಂದು ಸುದ್ದಿ ಇದೆ. ನಿಂತು ಓದುತ್ತಿದ್ದರೆ ಕೂತುಕೋ. ಹಾಲಜ್ಜಿಯ ಪಾದ ತೆಗೆದರು. ಮೇ ಕೊನೆಯಲ್ಲಿ ಹೊಳೆ ಏರಿ ದೋಣಿ ನಿಂತಿತ್ತು, ನನಗೆ ಹೋಗಲಾಗಲಿಲ್ಲ. ನೀರು ಇಳಿದಾಗ ಕರೆತಂದು ದೊಡ್ಡಾಸ್ಪತ್ರೆಗೆ ಸೇರಿಸಿದೆ. ಅಷ್ಟರಲ್ಲಿ ಹುಣ್ಣು ಮೂಳೆಗೆ ಇಳಿದಿತ್ತು. ನಿನ್ನ ಮಂಜೂರಾತಿಯ ಕಾಗದ ಬಂದ ದಿನವೇ ಆಪರೇಷನ್ ಆಯಿತು. ಒಂದು ಕೈಯಲ್ಲಿ ಕಾಗದ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ.

ನೀನು ಹಾಕಬೇಡಿ ಎಂದೆ, ನಾನೂ ಒಪ್ಪಿದೆ. ನಿನ್ನೊಬ್ಬನ ತಲೆಗೆ ಕಟ್ಟುವುದಿಲ್ಲ. ಹಲಗೆ ಹಾಕಿದ್ದರೆ ಅವಳ ಪಾದ ಉಳಿಯುತ್ತಿತ್ತೇನೋ. ಹಾಕಿದ್ದರೆ ಆ ಬುಧವಾರ ಕ್ಯಾನು ಹಿಡಿದು ಅವಳೇ ನಡುಕಂಬದ ಮೇಲಿರುತ್ತಿದ್ದಳೇನೋ. ಬೇಕರಿಯವನು ಈಗ ನನಗೆ ಕೈ ಮುಗಿಯುತ್ತಾನೆ. ಅವನು ಮುಗಿದಾಗಲೆಲ್ಲ ನನಗೆ ಅಜ್ಜಿಯ ಕಾಲು ಕಾಣುತ್ತದೆ. ಇದನ್ನು ಎಷ್ಟು ಸಲ ಯೋಚಿಸಿದರೂ ನನಗೆ ಬಗೆಹರಿಯುತ್ತಿಲ್ಲ. ಅಳುತ್ತಲೇ ಬರೆಯುತ್ತಿದ್ದೇನೆ, ಶಾಯಿ ಹರಡಿದ್ದರೆ ಅದಕ್ಕೇ.

ಛತ್ರಿ ಸಾಹೇಬರು ನಿನ್ನೆ ಬಂದಿದ್ದರು. ಮಂಜೂರಾದದ್ದು ದುರಸ್ತಿಗೆ, ಈಗ ದುರಸ್ತಿ ಮಾಡಲು ಏನೂ ಉಳಿದಿಲ್ಲ, ಹೊಸ ಸೇತುವೆಗೆ ಹೊಸ ಕಡತ ಆಗಬೇಕು ಎಂದರು. ಹೇಳುವಾಗ ಅವರಿಗೂ ಮುಖ ಎತ್ತಲಾಗಲಿಲ್ಲ. ಅಧ್ಯಕ್ಷರು ಈ ಸಲ ಪೊರಕೆ ಹುಡುಕಲಿಲ್ಲ. ಸಾಹೇಬರನ್ನು ನೇರವಾಗಿ ದಡಕ್ಕೆ ಕರೆದುಕೊಂಡು ಹೋಗಿ, ಒಡೆದದ್ದೆಲ್ಲವನ್ನೂ ಒಂದೊಂದಾಗಿ ತೋರಿಸಿದರು.

ಹಾಲಜ್ಜಿ ಈಗ ನಮ್ಮ ನಡುಮನೆಯಲ್ಲೇ ಇದ್ದಾಳೆ. ಎಮ್ಮೆಯ ಹಾಲನ್ನು ಅವಳ ಪಕ್ಕದ ಮನೆಯವರು ಕರೆಯುತ್ತಿದ್ದಾರೆ. ನಿನ್ನ ಭಾವ ಅವಳಿಗೆ ಊರುಗೋಲು ಮಾಡುತ್ತಿದ್ದಾರೆ, ಅವಳು ಮಂಚದ ಮೇಲಿಂದಲೇ ಅದರಲ್ಲಿ ತಪ್ಪು ಹುಡುಕುತ್ತಿದ್ದಾಳೆ. ದಿನಾ ಬೆಳಿಗ್ಗೆ ನನ್ನನ್ನು ಕೇಳುತ್ತಾಳೆ, "ಸೇತುವೆ ಯಾವಾಗಾಗತ್ತಂತೆ? ನಿನ್ನ ತಮ್ಮನ್ನ ಕೇಳು, ಅವನಿಗೆ ಗೊತ್ತಿರತ್ತೆ. ನಾನು ಮನೆಗೆ ಹೋಗ್ಬೇಕು." ಬೇಗ ಆಗುತ್ತೆ ಅಜ್ಜಿ ಎಂದು ಬಾಯಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ನಿನಗೆ ಗೊತ್ತಿದ್ದರೆ ಬರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರಿ. ಅದನ್ನೇ ಅವಳಿಗೆ ಓದಿ ಹೇಳುತ್ತೇನೆ.

ಅಕ್ಕ